ಬೆಳಗಿನ ಜಾವದ ಎರಡನೇ ಲೀಟರು

ಚಿಕ್ಕಬಳ್ಳಾಪುರದ ಬಳಿಯ ಸ್ಕಂದಗಿರಿ ಹತ್ತಬೇಕೆಂದರೆ ಈಗ ಮೊದಲು ಮೊಬೈಲ್ ತೆಗೆಯಬೇಕು. ಊರವರು ಕಳವಾರದ ಬೆಟ್ಟ ಎನ್ನುವ, ಸುಮಾರು 1,450 ಮೀಟರ್ ಎತ್ತರದ ಈ ಗುಡ್ಡದ ಚಾರಣಕ್ಕೆ ಟಿಕೆಟ್ ಕಾಯ್ದಿರಿಸುವುದು ಆನ್‌ಲೈನಿನಲ್ಲಿ. ಬೆಟ್ಟದ ಸುತ್ತಲಿನ ವ್ಯವಹಾರವೂ ಅಲ್ಲಿಗೇ ಬಂದಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ನಡೆಯುತ್ತದೆ, ಟೀ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿ ದುಡ್ಡು ಕೊಡುತ್ತಾರೆ. ಆದರೆ ಕೊಲೊನೊಸ್ಕೋಪಿಗೆ ದಿನ ಗೊತ್ತುಮಾಡಿಕೊಂಡು ಬೆಂಗಳೂರಿನಿಂದ ಮರಳುವವರ ಚೀಲದಲ್ಲಿ ಸಾಮಾನ್ಯವಾಗಿ ಇರುವುದು ಒಂದು ಪುಡಿಯ ಪೊಟ್ಟಣ, ಮತ್ತೊಂದು ಮಡಚಿದ ಹಾಳೆ.

ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಈ ತಪಾಸಣೆಯಲ್ಲಿ ಅರ್ಧ ಕೆಲಸ ರೋಗಿಯದೇ. ಆ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿದು ಕರುಳು ಶುಚಿ ಮಾಡಿಕೊಳ್ಳಬೇಕು, ಅದೂ ಮನೆಯಲ್ಲಿ, ಕಕ್ಕಸು ಮತ್ತು ಅಡುಗೆಮನೆಯ ನಡುವೆ ಓಡಾಡಿಕೊಂಡು. ಕರುಳಿನಲ್ಲಿ ಕಸರು ಉಳಿದರೆ ಅದರ ಮರೆಯಲ್ಲಿ ಪಾಲಿಪ್ ಎಂಬ ಪುಟ್ಟ ಗಂಟು ಕಣ್ಣಿಗೆ ಬೀಳುವುದಿಲ್ಲ. ಅಂಥ ಗಂಟುಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್ ಆಗುತ್ತವೆ. ಅಮೆರಿಕದ ತಜ್ಞರ ಲೆಕ್ಕದಲ್ಲಿ ನಾಲ್ಕೈದು ತಪಾಸಣೆಗೊಂದು ಕರುಳು ಸರಿಯಾಗಿ ಶುಚಿಯಾಗಿರುವುದಿಲ್ಲ. ಬಂದವರು ಮತ್ತೊಂದು ದಿನ ಹಾಕಿಸಿಕೊಂಡು ವಾಪಸಾಗಬೇಕು. ಇನ್ನೊಂದು ದಿನದ ಕೂಲಿ ಹೋಯಿತು, ಇನ್ನೊಂದು ಪೊಟ್ಟಣದ ಖರ್ಚು ಬಂತು.

ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ 1969ರಲ್ಲಿ ಬಾಗುವ ಕೊಳವೆಯನ್ನು ಒಳಕ್ಕೆ ಬಿಟ್ಟು, ತಂತಿಯ ಕುಣಿಕೆಯಿಂದ ಪಾಲಿಪ್ ಕತ್ತರಿಸಿ ತೆಗೆದರು. ಹೊಟ್ಟೆ ಕೊಯ್ಯುವ ಗೋಜು ತಪ್ಪಿತು. ತಯಾರಿಯ ಗೋಳು ತಪ್ಪಲಿಲ್ಲ. ದಿನಗಟ್ಟಲೆ ನೀರಾಹಾರ, ಮೇಲೆ ಹರಳೆಣ್ಣೆಯಂಥ ಭೇದಿ ಔಷಧ, ಆಮೇಲೆ ಎನಿಮಾ. (ಹರಳೆಣ್ಣೆಯ ಮಟ್ಟಿಗೆ ನಮ್ಮ ಅಜ್ಜಿಯರಿಗೆ ಯಾವ ಆಸ್ಪತ್ರೆಯೂ ಪಾಠ ಹೇಳಬೇಕಿರಲಿಲ್ಲ.) 1973ರಲ್ಲಿ ಬ್ರಿಟನ್ನಿನ ವೈದ್ಯರು ಮೂಗಿನ ನಳಿಕೆಯಿಂದ ಲೀಟರುಗಟ್ಟಲೆ ಉಪ್ಪುನೀರು ಹರಿಸಿ ಕರುಳು ತೊಳೆಯುವ ಪ್ರಯೋಗ ಪ್ರಕಟಿಸಿದರು. ಕರುಳೇನೋ ಶುಚಿಯಾಗುತ್ತಿತ್ತು, ಆದರೆ ಮೈ ಆ ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತಿತ್ತು. ಹೃದಯ, ಮೂತ್ರಪಿಂಡ ಸೋತವರಿಗೆ ಅದು ಅಪಾಯ. ಮ್ಯಾನಿಟಾಲ್ ಎಂಬ ಸಿಹಿ ದ್ರವ ಬಳಸಿದರೆ ಬೇರೆಯದೇ ತೊಂದರೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಹೈಡ್ರೋಜನ್ ಹುಟ್ಟಿಸುತ್ತದೆ. ಪಾಲಿಪ್ ಕತ್ತರಿಸುವ ವಿದ್ಯುತ್ ಕುಣಿಕೆಯ ಕಿಡಿಗೆ ಅದು ಹೊಟ್ಟೆಯೊಳಗೇ ಸಿಡಿದು ರೋಗಿ ತೀರಿಕೊಂಡ ಪ್ರಕರಣವನ್ನು ಫ್ರಾನ್ಸಿನ ವೈದ್ಯರು 1979ರಲ್ಲಿ ವರದಿ ಮಾಡಿದರು.

ಈಗಿನ ಪುಡಿಯ ಮೂಲ ಇರುವುದು 1980ರಲ್ಲಿ. ಗ್ಲೆನ್ ಡೇವಿಸ್, ಜಾನ್ ಫೋರ್ಡ್‌ಟ್ರಾನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪಾಲಿಎಥಿಲಿನ್ ಗ್ಲೈಕಾಲ್‌ಗೆ ಲೆಕ್ಕ ಹಾಕಿ ಲವಣ ಬೆರೆಸಿದರು. ಆ ದೊಡ್ಡ ಅಣು ಮೈಗೆ ಸೇರುವುದಿಲ್ಲ, ಹಿಡಿದ ನೀರನ್ನು ಬಿಡುವುದೂ ಇಲ್ಲ. ಲವಣಗಳ ಅಳತೆ ಸರಿತೂಗಿರುವುದರಿಂದ ಮೈಗೆ ಉಪ್ಪುನೀರು ಹೆಚ್ಚಾಗಿ ಏರುವುದೂ ಇಲ್ಲ, ಮೈಯಿಂದ ಹೆಚ್ಚಾಗಿ ಸೋರುವುದೂ ಇಲ್ಲ. ಕುಡಿದದ್ದು ಕರುಳು ತೊಳೆದುಕೊಂಡು ಹೊರಗೆ. ರುಚಿ ಮಾತ್ರ ಯಾರಿಗೂ ಹಿಡಿಸಿಲ್ಲ. ಅಲ್ಲಿ ಒಂದೇ ಸಂಜೆ ನಾಲ್ಕು ಲೀಟರ್ ಕುಡಿಸುತ್ತಿದ್ದರು. ಇಲ್ಲಿ ನಮ್ಮವರಿಗೆ ಸಾಮಾನ್ಯವಾಗಿ ಎರಡು ಲೀಟರಿನ ಪೊಟ್ಟಣ.

ಆ ಎರಡು ಲೀಟರನ್ನು ಒಂದೇ ಸಲಕ್ಕೆ ಮುಗಿಸಿಬಿಟ್ಟರೆ ರಾತ್ರಿಯಿಡೀ ಸಣ್ಣ ಕರುಳಿನ ರಸ ಇಳಿದು ದೊಡ್ಡ ಕರುಳಿನ ಬಲಭಾಗದಲ್ಲಿ ಮತ್ತೆ ಮೆತ್ತಿಕೊಳ್ಳುತ್ತದೆ. ಹೀಗಾಗಿ ಅರ್ಧ ಹಿಂದಿನ ಸಂಜೆ, ಉಳಿದರ್ಧ ತಪಾಸಣೆಗೆ ನಾಲ್ಕರಿಂದ ಆರು ಗಂಟೆ ಮೊದಲು ಶುರುಮಾಡಿ, ಎರಡು ಗಂಟೆ ಇರುವಾಗ ಮುಗಿಸಬೇಕು ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2014ರಲ್ಲಿ ಬರೆಯಿತು. ಔಷಧದ ಕೆಲಸ ಅಲ್ಲಿಗೆ ಮುಗಿಯಿತು, ಗಡಿಯಾರದ ಕೆಲಸ ಶುರುವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ತಪಾಸಣೆ ಎಂದರೆ ನಾಲ್ಕಕ್ಕೆ ಎದ್ದು ಲೋಟ ಹಿಡಿಯಬೇಕು. ಎಬ್ಬಿಸುವವರು ಯಾರು?

ಚೀನಾದ ಶಿಆನ್‌ನಲ್ಲಿ ಮೊದಲು ಎಚ್ಚರಿಸಿದ್ದು ಮಾಮೂಲಿ ಫೋನ್ ಕರೆ. ತಪಾಸಣೆಯ ಹಿಂದಿನ ದಿನ ಕರೆ ಮಾಡಿ ಎಲ್ಲವನ್ನೂ ಇನ್ನೊಮ್ಮೆ ವಿವರಿಸಿದಾಗ ಕರುಳು ಸರಿಯಾಗಿ ಶುಚಿಯಾದವರು ಶೇಕಡ 81.6, ಕರೆ ಹೋಗದವರಲ್ಲಿ 70.3. ಇದು 2014ರ ವರದಿ. ಎರಡು ವರ್ಷದ ನಂತರ ಅದೇ ವಿಚಾರವನ್ನು, ನಮ್ಮ ವಾಟ್ಸ್ಆ್ಯಪ್‌ನಂತೆ ಅಲ್ಲಿ ಎಲ್ಲರ ಕೈಯಲ್ಲಿರುವ ವೀಚಾಟ್‌ನಲ್ಲಿ ಕಳಿಸಿ ನೋಡಿದರು: 82.2 ಮತ್ತು 69.5. ಸ್ಪೇನಿನಲ್ಲಿ 2015ರ ಹೊತ್ತಿಗೆ ಇದಕ್ಕೆಂದೇ ಒಂದು ಆ್ಯಪ್ ಬಂದಿತ್ತು. ಜರ್ಮನಿಯಲ್ಲಿ 500 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ್ಯಪ್ ಇದ್ದವರ ಪೈಕಿ ಶುಚಿ ಸಾಲದವರು ಶೇಕಡ 8, ಇಲ್ಲದವರಲ್ಲಿ 17. ಅಳೆದದ್ದು 2009ರಲ್ಲಿ ಬಾಸ್ಟನ್ನಿನವರು ರೂಪಿಸಿದ, ಕರುಳಿನ ಮೂರು ಭಾಗಕ್ಕೂ ಮೂರು ಮೂರರಂತೆ ಒಂಬತ್ತು ಅಂಕದ ಪಟ್ಟಿಯಲ್ಲಿ. ಶಾಂಘೈನ ವೈದ್ಯರು ಇನ್ನೂ ಮುಂದೆ ಹೋಗಿ, ಕಕ್ಕಸಿನಲ್ಲಿ ರೋಗಿ ತೆಗೆದ ಫೋಟೊ ನೋಡಿ ‘ಸಾಕು, ಇನ್ನೂ ಸಾಲದು’ ಎಂದು ಹೇಳುವ ಕೃತಕ ಬುದ್ಧಿಮತ್ತೆಯ ಆ್ಯಪ್ ಮಾಡಿದ್ದಾರೆ.

ನನ್ನ ಕಣ್ಣು ನಿಂತದ್ದು ಶಿಆನ್‌ನ ಆ ಎರಡು ಜೋಡಿ ಅಂಕಿಗಳ ಮೇಲೆ. ಕರೆಯಿಂದ ಆದದ್ದಕ್ಕಿಂತ ಆ್ಯಪಿನಿಂದ ಆದದ್ದು ತೀರಾ ಹೆಚ್ಚೇನಲ್ಲ. ಎರಡೂ ಮಾಡಿದ್ದು ಒಂದೇ ಕೆಲಸ, ಹೇಳಿದ್ದನ್ನೇ ಬೇಕಾದ ಹೊತ್ತಿಗೆ ಮತ್ತೆ ಹೇಳುವುದು. ನೂರು ಜನಕ್ಕೆ ಕರೆ ಮಾಡಲು ಸಿಸ್ಟರ್‌ಗೆ ಪುರುಸೊತ್ತಿಲ್ಲ, ಆ್ಯಪ್‌ಗೆ ಇದೆ, ಅಷ್ಟೇ ವ್ಯತ್ಯಾಸ.

ಹಾಗಿದ್ದರೆ ಚಿಕ್ಕಬಳ್ಳಾಪುರದ ಮನೆಗೆ ಅಂಥ ಆ್ಯಪ್ ಏನು ಹೇಳಬೇಕು? ಹೊರದೇಶದ ಹಾಳೆಗಳಲ್ಲಿ ಇರುವುದು ಜೆಲ್ಲಿ, ಸೇಬಿನ ರಸ, ಬಿಳಿ ಬ್ರೆಡ್ಡು. ಇಲ್ಲಿ ಬೇಕಾದ ಪಟ್ಟಿ ಬೇರೆ. ಎರಡು ಮೂರು ದಿನ ಮುದ್ದೆ ಬೇಡ, ಬಸ್ಸಾರಿನ ಸೊಪ್ಪು ಬೇಡ, ಹಿತಕಿದ ಬೇಳೆ ಸಾರು ಬೇಡ. ಬೀಜ ಇರುವ ಸೀಬೆ, ಟೊಮೇಟೊ, ತೋಟದಿಂದ ಆಗತಾನೆ ಬಂದ ದ್ರಾಕ್ಷಿಯೂ ಬೇಡ. ಬಿಳಿ ಅನ್ನ, ಇಡ್ಲಿ ಆಗಬಹುದು. ಕೊನೆಯ ದಿನ ‘ನೀರಾಹಾರ ಮಾತ್ರ’ ಎಂದಷ್ಟೇ ಹೇಳಿದರೆ ಅಂಬಲಿ ಕುಡಿಯುವುದು ಸಹಜ. ಮುದ್ದೆ ಬಿಟ್ಟಾಯಿತಲ್ಲ, ಅಂಬಲಿ ಕುಡಿಯುವಂಥದೇ ತಾನೇ? ಆದರೆ ರಾಗಿ ರಾಗಿಯೇ. ಮಜ್ಜಿಗೆಯೂ ಅಂದು ಲೆಕ್ಕಕ್ಕಿಲ್ಲ. ಎಳನೀರು, ಬಟ್ಟೆಯಲ್ಲಿ ಸೋಸಿದ ಬೇಳೆಕಟ್ಟು, ಹಾಲು ಹಾಕದ ಟೀ, ಸೋಸಿದ ನಿಂಬೆ ಪಾನಕ ಎಂದು ಹೆಸರು ಹಿಡಿದೇ ಹೇಳಬೇಕು. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ಯಾವ ಆ್ಯಪೂ ಸಾಲದು, ವೈದ್ಯರನ್ನೇ ಕೇಳಬೇಕು.

ಹೇಳುವ ಭಾಷೆಯೂ ಒಂದಲ್ಲ. ಚಿಂತಾಮಣಿ, ಗೌರಿಬಿದನೂರು ಕಡೆ ಎಷ್ಟೋ ಮನೆಗಳಲ್ಲಿ ಒಳಗಿನ ಮಾತು ತೆಲುಗು. ಅಕ್ಷರ ಓದಲಾರದ ಅಜ್ಜಿಗೆ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರೆ ಯಾವ ನೋಟಿಫಿಕೇಶನ್ನಿಗೂ ಕಡಿಮೆಯಿಲ್ಲ. ಅದು ಬರಬೇಕಾದ್ದೂ ಅಜ್ಜಿಯ ಕೈಗೆ. ಸ್ಮಾರ್ಟ್‌ಫೋನ್ ಇರುವುದು ಮಗನ ಹತ್ತಿರ, ಮಗ ಇರುವುದು ನೈಟ್ ಶಿಫ್ಟಿನಲ್ಲಿ ಎಂದಾದರೆ ನಾಲ್ಕು ಗಂಟೆಯ ಅಲಾರಂ ಕಾರ್ಖಾನೆಯಲ್ಲಿ ಹೊಡೆದುಕೊಳ್ಳುತ್ತದೆ.

ಇನ್ನು ಬಸ್ಸು. ಆ್ಯಪ್ ತಪಾಸಣೆಯ ಸಮಯ ಕೇಳಿ ಅಲ್ಲಿಂದ ಹಿಂದಕ್ಕೆ ಎಣಿಸುತ್ತದೆ. ಆಸ್ಪತ್ರೆಯ ಪಕ್ಕದ ಬೀದಿಯಲ್ಲಿರುವವರಿಗೆ ಆ ಲೆಕ್ಕ ಸರಿ. ಚಿಂತಾಮಣಿಯಿಂದ ಹೊರಟು ಒಂಬತ್ತಕ್ಕೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆಯಲ್ಲಿ ಇರಬೇಕಾದವರು ಎರಡನೇ ಲೀಟರು ಇಳಿಯುವ ಹೊತ್ತಿಗೆ ಸರಿಯಾಗಿ ಬಸ್ಸಿನಲ್ಲಿ ಕೂತಿರುತ್ತಾರೆ, ಮತ್ತು ನಮ್ಮ ಕೆಂಪು ಬಸ್ಸಿನಲ್ಲಿ ಕಕ್ಕಸಿಲ್ಲ. ಆ ಭಯಕ್ಕೇ ಎರಡನೇ ಲೀಟರನ್ನು ಚರಂಡಿಗೆ ಚೆಲ್ಲಿದವರನ್ನು ಬೈಯುವುದು ಹೇಗೆ? ಮಧ್ಯಾಹ್ನದ ಸರದಿ ಕೊಟ್ಟರೆ ಮನೆಯಲ್ಲೇ ಕುಡಿದು, ಹೊಟ್ಟೆ ತಣ್ಣಗಾದ ಮೇಲೆ ಹೊರಡಬಹುದು. ಮಧ್ಯಾಹ್ನ ತಪಾಸಣೆ ಇದ್ದವರು ಅಂದೇ ಬೆಳಿಗ್ಗೆ ಪೂರ್ತಿ ಕುಡಿದರೂ ಸರಿ ಎಂದು 2014ರ ಅದೇ ಶಿಫಾರಸು ಹೇಳುತ್ತದೆ. ಅದಕ್ಕೆ ಕೋಡ್ ಬರೆಯುವವರು ಬೇಕಿಲ್ಲ. ದಿನ ಬರೆದುಕೊಡುವ ಕೌಂಟರಿನಲ್ಲಿ ‘ಯಾವ ಊರಿಂದ ಬರ್ತೀರ, ಎಷ್ಟು ಗಂಟೆ ಬಸ್ಸಿದೆ?’ ಎಂದು ಕೇಳಿದರಾಯಿತು.