ಚೆಕ್ ಎಂಜಿನ್ ಲೈಟ್ ಉರಿದ ತಕ್ಷಣ ಆಕ್ಸಿಜನ್ ಸೆನ್ಸರ್ ಬದಲಿಸಬೇಕೇ? ಮೊದಲು ಈ ಪರೀಕ್ಷೆ ಮಾಡಿಸಿ
ಭಿವಂಡಿ: ಮಳೆಗಾಲದಲ್ಲಿ ಅಂಜೂರ್ ಫಾಟಾ, ಮಾಣ್ಕೋಲಿ, ಕಲ್ಯಾಣ್ ರಸ್ತೆಗಳಲ್ಲಿ ಕಾರುಗಳು ನೀರು, ಗುಂಡಿ, ಲಾರಿಗಳ ಸಾಲಿನ ನಡುವೆ ತೆವಳುತ್ತವೆ. ಇಂಥ ಓಡಾಟದ ನಡುವೆ ಹಳದಿ ಚೆಕ್ ಎಂಜಿನ್ ಲೈಟ್ ಹೊತ್ತಿಕೊಂಡರೆ ಗ್ಯಾರೇಜ್‌ನಲ್ಲಿ ಸಿಗುವ ಉತ್ತರ ಹಲವು ಬಾರಿ ಒಂದೇ: 'ಆಕ್ಸಿಜನ್ ಸೆನ್ಸರ್ ಹೋಗಿದೆ'. ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸಿದ ವಾರದಲ್ಲೇ ಅದೇ ಲೈಟ್ ಮತ್ತೆ ಉರಿಯುವುದೂ ಉಂಟು. ಸ್ಕ್ಯಾನರ್ ತೋರಿಸುವ ಕೋಡ್ ತೊಂದರೆ ಎಲ್ಲಿ ಕಂಡುಬಂತು ಎಂದಷ್ಟೇ ಹೇಳುತ್ತದೆ. ಯಾವ ಭಾಗ ಕೆಟ್ಟಿದೆ ಎಂದಲ್ಲ.

ಒಂದು ಕೆ.ಜಿ. ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗಮನಿಸಿ, ಈ ಲೆಕ್ಕ ತಪ್ಪುತ್ತಿದೆಯೇ ಎಂದು ಎಂಜಿನ್‌ನ ಕಂಪ್ಯೂಟರ್‌ಗೆ ತಿಳಿಸುವುದೇ ಈ ಸೆನ್ಸರ್ ಕೆಲಸ. ಬಾಷ್ ತಯಾರಿಸಿದ ಇದು 1976ರಲ್ಲಿ ವೋಲ್ವೋ ಕಾರಿನಲ್ಲಿ ಮೊದಲು ಬಂತು. ಈಗಿನ ಬಿಎಸ್‌6 ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಎರಡಿರುತ್ತವೆ: ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಮೊದಲು ಒಂದು, ನಂತರ ಒಂದು.

ಕೋಡ್ ಪಿ0135 ಅಥವಾ ಪಿ0141 ಇದ್ದರೆ ಅದು ಸೆನ್ಸರ್ ಒಳಗಿನ ಹೀಟರ್‌ಗೆ ಸಂಬಂಧಿಸಿದ್ದು. ಮೊದಲು ನೋಡಬೇಕಾದದ್ದು ಫ್ಯೂಸ್, ನಂತರ ಕನೆಕ್ಟರ್‌ನಲ್ಲಿ ನೀರು ಅಥವಾ ತುಕ್ಕು, ಇಲಿ ಕಡಿದ ವೈರ್. ಇವೆಲ್ಲ ಸರಿಯಿದ್ದು, ಮಲ್ಟಿಮೀಟರ್ ಹಿಡಿದಾಗ ಹೀಟರ್ ಸರ್ಕ್ಯೂಟ್ ತುಂಡಾಗಿರುವುದು ಕಂಡರೆ ಮಾತ್ರ ಸೆನ್ಸರ್ ಬದಲಿಸಬೇಕು.

ಉಳಿದ ಕೋಡ್‌ಗಳಿಗೆ ಎಂಜಿನ್ ಬಿಸಿ ಮಾಡಿ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ನೋಡಬೇಕು. ಹಲವು ಕಾರುಗಳಲ್ಲಿರುವ ಸಾಮಾನ್ಯ ಬಗೆಯ ಸೆನ್ಸರ್ ಆದರೆ, ಮುಂದಿನದರ ವೋಲ್ಟೇಜ್ 0.1ರಿಂದ 0.9ರ ನಡುವೆ ಚಕಚಕನೆ ಏರಿಳಿಯಬೇಕು. 0.1ರಲ್ಲೇ ನಿಂತಿದ್ದರೂ ಸೆನ್ಸರ್ ಸತ್ತಿದೆ ಎನ್ನುವಂತಿಲ್ಲ. ಗುಂಡಿಗೆ ಬಡಿದು ಸೈಲೆನ್ಸರ್ ಪೈಪ್ ಬಿರುಕುಬಿಟ್ಟಿದ್ದರೆ ಹೊರಗಿನ ಗಾಳಿ ಒಳಸೇರಿ ಇದೇ ಅಂಕಿ ಬರುತ್ತದೆ. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದಾಗ ವೋಲ್ಟೇಜ್ 0.8 ದಾಟಿ, ಬಿಟ್ಟಾಗ ಥಟ್ಟನೆ ಇಳಿದರೆ ಸೆನ್ಸರ್ ಜೀವಂತವಾಗಿದೆ. ತಪ್ಪು ಬೇರೆಲ್ಲೋ ಇದೆ. ಒತ್ತಿದರೂ ಬಿಟ್ಟರೂ ಅಲುಗದಿದ್ದರೆ, ವೈರಿಂಗ್ ಸರಿಯಿದೆ ಎಂದು ಖಚಿತವಾದ ಮೇಲೆ ಬದಲಿಸಬಹುದು. ಕೆಲವು ಹೊಸ ಕಾರುಗಳ ವೈಡ್‌ಬ್ಯಾಂಡ್ ಸೆನ್ಸರ್‌ಗೆ ಈ ಅಂಕಿಗಳು ಅನ್ವಯಿಸುವುದಿಲ್ಲ.

ಹಿಂದಿನ ಸೆನ್ಸರ್‌ನ ಕಥೆ ಉಲ್ಟಾ. ಅದರ ವೋಲ್ಟೇಜ್ ಹೆಚ್ಚುಕಡಿಮೆ ಸ್ಥಿರವಾಗಿರಬೇಕು. ಅದೂ ಮುಂದಿನದರಂತೆ ಕುಣಿಯುತ್ತಿದ್ದು ಪಿ0420 ಕೋಡ್ ಬಂದಿದ್ದರೆ ಅನುಮಾನ ಪಡಬೇಕಾದದ್ದು ಕನ್ವರ್ಟರ್ ಮೇಲೆ. ಸೆನ್ಸರ್ ಇಲ್ಲಿ ದೂರು ಕೊಟ್ಟ ಸಾಕ್ಷಿ ಮಾತ್ರ, ಅದನ್ನೇ ಕಿತ್ತು ಎಸೆಯುವುದು ದುಡ್ಡು ದಂಡ.

ಠಾಣೆ, ಡೊಂಬಿವಲಿ, ನವಿ ಮುಂಬೈಯಲ್ಲಿ ಸಿಎನ್‌ಜಿ ಕಾರುಗಳು ಧಾರಾಳ. ಇವುಗಳ ಮಾಲೀಕರಿಗೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕೋಡ್ ಅಳಿಸಿ ಎರಡು ಮೂರು ದಿನ ಪೆಟ್ರೋಲ್‌ನಲ್ಲೇ ಓಡಿಸುವುದು. ಪೆಟ್ರೋಲ್‌ನಲ್ಲಿ ಬಾರದ ಕೋಡ್ ಸಿಎನ್‌ಜಿಗೆ ಹಾಕಿದ ಮೇಲೆ ಬಂದರೆ ಮೊದಲು ನೋಡಬೇಕಾದದ್ದು ಗ್ಯಾಸ್ ಫಿಲ್ಟರ್, ರೆಗ್ಯುಲೇಟರ್ ಮತ್ತು ಕಿಟ್‌ನ ಟ್ಯೂನಿಂಗ್.

ಹಾಗೆಂದು ಲೈಟ್ ಉರಿಯುತ್ತಿದ್ದರೂ ಚೌತಿಗೆ ಊರಿಗೆಂದು ಮಂಗಳೂರು, ಉಡುಪಿ ಕಡೆ ಹೊರಟುಬಿಡುವುದು ಜಾಣತನವಲ್ಲ. ಇಂಧನ ಅತಿಯಾಗಿ ಸುರಿಯುತ್ತಿದ್ದರೆ ಮೈಲೇಜ್ ಇಳಿಯುತ್ತದೆ, ಪಿಯುಸಿ ಪರೀಕ್ಷೆಯಲ್ಲಿ ಕಾರು ಫೇಲ್ ಆಗಬಹುದು. ಸೆನ್ಸರ್‌ಗಿಂತ ಎಷ್ಟೋ ದುಬಾರಿಯಾದ ಕನ್ವರ್ಟರ್ ಸುಟ್ಟುಹೋಗಬಹುದು. ಲೈಟ್ ಮಿನುಗತೊಡಗಿದರಂತೂ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಬೇಕು. ಮಿಸ್‌ಫೈರ್ ಆಗುತ್ತಿದೆ ಎಂಬುದರ ಸೂಚನೆ ಅದು.

ಬದಲಿಸಲೇಬೇಕಾಗಿ ಬಂದರೆ ಹಳೆಯ ಸೆನ್ಸರ್‌ನ ತುದಿಯನ್ನು ಮೆಕ್ಯಾನಿಕ್ ಬಳಿ ಕೇಳಿ ನೋಡಿ. ಕಪ್ಪು ಮಸಿ ಇದ್ದರೆ ಇಂಧನ ಜಾಸ್ತಿ ಹೋಗುತ್ತಿದೆ, ಬಿಳಿ ಪುಡಿ ಇದ್ದರೆ ಕೂಲೆಂಟ್ ಸೋರಿಕೆ ಅಥವಾ ಸಿಲಿಕೋನ್ ಗಮ್‌ನ ಅನುಮಾನ. ಮೂಲ ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದೂ ಬೇಗ ಕೆಡುತ್ತದೆ. ಮಳೆನೀರು ಹೋಗದಿರಲೆಂದು ಕನೆಕ್ಟರ್‌ಗೆ ಗ್ರೀಸ್ ತುಂಬಲು ಬಿಡಬೇಡಿ. ಎಷ್ಟೋ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದು ಆ ವೈರ್‌ಗಳ ಮೂಲಕವೇ.