ಮದುವೆ ಫೋಟೊದ ದುಡ್ಡು ಎಲ್ಲಿಗೆ ಹೋಗುತ್ತದೆ?

ಅಡುಗೆಯವರು ಎಲೆಗಿಷ್ಟು ಎಂದರೆ ಲೆಕ್ಕ ಅರ್ಥವಾಗುತ್ತದೆ. ಅಕ್ಕಿ, ಬೇಳೆ, ಎಣ್ಣೆ, ಕೂಲಿ ಎಲ್ಲವೂ ಕಣ್ಣೆದುರಿಗಿವೆ. ಫೋಟೊದವರು ದರ ಹೇಳಿದಾಗ ಮಾತ್ರ, ‘ಎರಡು ದಿನ ಬಂದು ಬಟನ್ ಒತ್ತುವುದಕ್ಕೆ ಇಷ್ಟೊಂದಾ?’ ಎಂಬ ಮಾತು ಬರುತ್ತದೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಕೆಲಸದ ಬಹುಪಾಲು ನಡೆಯುವುದು ಛತ್ರ ಖಾಲಿಯಾದ ಮೇಲೆ. ಸಾವಿರಾರು ಫೋಟೊಗಳಿಂದ ಕಣ್ಣು ಮುಚ್ಚಿದವು, ಅಲುಗಿದವು, ಒಂದೇ ಥರದವನ್ನು ತೆಗೆದುಹಾಕಬೇಕು. ಉಳಿದವುಗಳ ಬಣ್ಣ ತಿದ್ದಬೇಕು. ವಿಡಿಯೊ ಕತ್ತರಿಸಿ ಜೋಡಿಸಬೇಕು. ಆಲ್ಬಂ ವಿನ್ಯಾಸ ಮಾಡಿ, ಮನೆಯವರು ಹೇಳಿದ ಬದಲಾವಣೆ ಮುಗಿಸಿ, ಮುದ್ರಣಕ್ಕೆ ಕಳುಹಿಸಬೇಕು. ಆರತಕ್ಷತೆಯ ವೇದಿಕೆಗೆ ನೇರಳೆ, ಗುಲಾಬಿ ಎಲ್‌ಇಡಿ ದೀಪ ಹಾಕಿಸಿದ್ದರೆ, ಮುಖದ ಬಣ್ಣ ಸರಿಪಡಿಸುವುದಕ್ಕೇ ಎಷ್ಟೋ ಹೊತ್ತು ಹಿಡಿಯುತ್ತದೆ.

ಅದೂ ಅಲ್ಲದೆ, ಈ ಕಸುಬಿಗೆ ವರ್ಷವಿಡೀ ದುಡಿಮೆಯಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸ, ಗುರು-ಶುಕ್ರರ ಅಸ್ತ ಕಳೆದರೆ ಉಳಿಯುವ ಮುಹೂರ್ತಗಳು ಕಡಿಮೆ. ಅಂಗಡಿ ಬಾಡಿಗೆ, ಹುಡುಗರ ಸಂಬಳ, ಕ್ಯಾಮೆರಾದ ಸಾಲದ ಕಂತು ಮಾತ್ರ ಹನ್ನೆರಡು ತಿಂಗಳೂ ಇರುತ್ತವೆ. ಇದ್ದಷ್ಟು ಮದುವೆಗಳ ಮೇಲೆಯೇ ಅದೆಲ್ಲ ಹಂಚಿಹೋಗಬೇಕು. ಒಳ್ಳೆಯ ಮುಹೂರ್ತದ ದಿನ ಊರ ಛತ್ರಗಳೆಲ್ಲ ತುಂಬಿರುವಾಗ ದಿನಗೂಲಿಗೆ ಬರುವ ಕ್ಯಾಮೆರಾದವರ ದರವೂ ಏರುತ್ತದೆ.

‘ಈಗ ರೋಲ್ ಇಲ್ಲವಲ್ಲ, ಎಲ್ಲ ಡಿಜಿಟಲ್, ಖರ್ಚೇನು?’ ಇದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ರೋಲಿನಲ್ಲಿ 36 ಫೋಟೊ ಬರುತ್ತಿದ್ದ ಕಾಲದಲ್ಲಿ ಖರ್ಚು ಫಿಲ್ಮು ಮತ್ತು ಪ್ರಿಂಟಿನಲ್ಲಿತ್ತು, ಯಂತ್ರ ದಶಕಗಟ್ಟಲೆ ಬಾಳುತ್ತಿತ್ತು. ಈಗ ಖರ್ಚು ಯಂತ್ರಕ್ಕೂ ಸಂಗ್ರಹಕ್ಕೂ ಸರಿದಿದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ (ಸಂಸ್ಕರಿಸದ ಮೂಲ) ಫೈಲ್ ಸುಮಾರು 30 ಎಂಬಿ ಎಂದುಕೊಂಡರೆ, ನಾಲ್ಕು ಸಾವಿರ ಫೋಟೊಗಳಿಗೆ 120 ಜಿಬಿ ಬೇಕು. ಸೆಕೆಂಡಿಗೆ 100 ಮೆಗಾಬಿಟ್ ದರದ ವಿಡಿಯೊ ಗಂಟೆಗೆ 45 ಜಿಬಿ ನುಂಗುತ್ತದೆ. ಒಂದು ಹಾರ್ಡ್ ಡಿಸ್ಕ್ ಕೈಕೊಟ್ಟರೂ ಮದುವೆ ಉಳಿಯಬೇಕಾದರೆ ಇವನ್ನೆಲ್ಲ ಕನಿಷ್ಠ ಎರಡು ಕಡೆ ಇಡಬೇಕು. ಕ್ಯಾಮೆರಾದ ಮೆಕ್ಯಾನಿಕಲ್ ಶಟರ್‌ಗೂ ಆಯುಷ್ಯವಿದೆ. ತಯಾರಕರು ಪರೀಕ್ಷಿಸಿ ಹೇಳುವ ಲೆಕ್ಕ ಸಾಮಾನ್ಯವಾಗಿ ಒಂದರಿಂದ ಐದು ಲಕ್ಷ ಕ್ಲಿಕ್. ಮದುವೆ ಫೋಟೊದವರ ಕೈಯಲ್ಲಿ ಅದು ಬೇಗ ಸವೆಯುತ್ತದೆ.

‘ನಮ್ಮ ಅಣ್ಣನ ಮಗನ ಹತ್ತಿರ ಒಳ್ಳೆ ಕ್ಯಾಮೆರಾ ಇದೆ, ಅವನೇ ತೆಗೆಯಲಿ.’ ಅರಿಶಿನ ಶಾಸ್ತ್ರಕ್ಕೆ, ಮೆಹೆಂದಿಗೆ ಖಂಡಿತ ತೆಗೆಯಲಿ. ಮನೆಯವನಿಗೆ ಸಿಗುವ ನಗು ಹೊರಗಿನವರಿಗೆ ಸಿಗದು. ಆದರೆ ಮಾಂಗಲ್ಯಧಾರಣೆಯ ಕ್ಷಣ ಬೇರೆ. ಗಟ್ಟಿಮೇಳ ಶುರುವಾಗುತ್ತಿದ್ದಂತೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಮೊಬೈಲುಗಳು ಅಡ್ಡ ಬರುತ್ತವೆ, ಅಕ್ಷತೆಯ ಮಳೆ ಲೆನ್ಸಿನ ಮುಂದೆಯೇ ಸುರಿದು ಫೋಕಸ್ ಅಕ್ಕಿಕಾಳಿನ ಮೇಲೆ ಕೂರುತ್ತದೆ. ಪುರೋಹಿತರನ್ನು ‘ಇನ್ನೊಮ್ಮೆ ಕಟ್ಟಿಸಿ’ ಎಂದು ಕೇಳುವಂತಿಲ್ಲ. ಅದಕ್ಕೇ ಒಬ್ಬರು ಗಂಟು ಹಾಕುವ ಕೈಗಳ ಮೇಲೆ, ಇನ್ನೊಬ್ಬರು ಹೆಣ್ಣಿನ ತಂದೆ-ತಾಯಿಯ ಮುಖದ ಮೇಲೆ ಕಣ್ಣಿಟ್ಟಿರುತ್ತಾರೆ. ಅದಕ್ಕೇ ಪ್ರತಿ ಫೋಟೊವನ್ನೂ ಒಟ್ಟಿಗೇ ಎರಡು ಕಾರ್ಡಿಗೆ ಬರೆಯುವ ಕ್ಯಾಮೆರಾ, ಹೆಗಲಲ್ಲಿ ಇನ್ನೊಂದು, ಚೀಲದಲ್ಲಿ ಹೆಚ್ಚುವರಿ ಬ್ಯಾಟರಿ, ಫ್ಲ್ಯಾಶ್. ನೀವು ಕೊಡುವ ದುಡ್ಡಿನ ದೊಡ್ಡ ಭಾಗ, ಏನಾದರೂ ಕೆಟ್ಟರೂ ಮದುವೆ ಕೈತಪ್ಪದಂತೆ ಮಾಡುವ ಈ ಏರ್ಪಾಡಿಗೆ ಹೋಗುತ್ತದೆ. ಕೊಟ್ಟಿದ್ದಕ್ಕೆ ಅದು ಸಾರ್ಥಕ ಎಂದೇ ನನ್ನ ನಂಬಿಕೆ.

ಹಾಗಾದರೆ ದುಬಾರಿಯವರೇ ಒಳ್ಳೆಯವರೇ? ಅದೂ ತಪ್ಪು ಕಲ್ಪನೆಯೇ. ಹತ್ತಾರು ಮದುವೆಗಳಿಂದ ಆರಿಸಿದ ಇಪ್ಪತ್ತು ಚಿತ್ರಗಳನ್ನು ನೋಡಿ ಮುಂಗಡ ಕೊಡಬೇಡಿ. ಯಾವುದಾದರೂ ಒಂದು ಮದುವೆಯ ಪೂರ್ತಿ ಆಲ್ಬಂ ತೋರಿಸಲು ಹೇಳಿ. ಮುಹೂರ್ತಕ್ಕೆ ಯಾರು ಬರುತ್ತಾರೆ, ಫೈಲುಗಳನ್ನು ಎಷ್ಟು ಕಾಲ ಇಟ್ಟಿರುತ್ತಾರೆ ಎಂದು ವಿಚಾರಿಸಿ. ಹೇಳಿದ ದರದಲ್ಲಿ ಶೇ 18ರ ಜಿಎಸ್‌ಟಿ ಸೇರಿದೆಯೇ ಎಂಬುದನ್ನೂ ಕೇಳಿ. ಕೈ ಬಿಗಿಯಿದ್ದರೆ ಪ್ರಿವೆಡ್ಡಿಂಗ್ ಬಿಡಿ, ಕರಿಷ್ಮಾ ಆಲ್ಬಂನ ಹಾಳೆ ಕಡಿಮೆ ಮಾಡಿ ಅಥವಾ ಆಲ್ಬಂ ಅನ್ನೇ ಮುಂದಿನ ವರ್ಷಕ್ಕೆ ಹಾಕಿ. ಡ್ರೋನ್ ಸಹ ಬಿಡಬಹುದು. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದಂಥ ಜಾಗದ ಸುತ್ತ ಅದನ್ನು ಮನಬಂದಂತೆ ಹಾರಿಸುವಂತೆಯೂ ಇಲ್ಲ. ಎರಡನೇ ಫೋಟೊಗ್ರಾಫರ್‌ನನ್ನು ಮಾತ್ರ ಉಳಿಸಿಕೊಳ್ಳಿ.

ಇನ್ನೊಂದು ನಂಬಿಕೆ ಮನೆಯವರಲ್ಲೂ ಫೋಟೊದವರಲ್ಲೂ ಇದೆ: ಫೋಟೊ ತೆಗೆದವರದೇ ಫೋಟೊದ ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುವುದು ಬೇರೆ. ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ. ಆದರೆ ಬೇರೆ ಒಪ್ಪಂದ ಇದ್ದರೆ ಅದೇ ನಡೆಯುತ್ತದೆ. ಮುಂಗಡದ ಜೊತೆ ಸಹಿ ಹಾಕುವ ಕಾಗದದಲ್ಲಿ ಹಕ್ಕು ಸ್ಟುಡಿಯೊದ್ದು ಎಂಬ ಸಾಲು ಇರಬಹುದು. ಮಗಳ ಮದುವೆಯ ಚಿತ್ರ ಇನ್‌ಸ್ಟಾಗ್ರಾಂನಲ್ಲಿ ಬರುವುದು ಬೇಡವೆಂದಿದ್ದರೆ, ಸಹಿಗೆ ಮೊದಲು ಆ ಸಾಲನ್ನು ಹೊಡೆದುಹಾಕಿಸಿ, ನಿಮ್ಮ ಷರತ್ತನ್ನು ಅಲ್ಲೇ ಬರೆಸಿಕೊಳ್ಳಿ.