ಅಂತರಂಗದ ಬಂಡವಾಳ

ಮುಸ್ಸಂಜೆಯ ವೇಳೆಗೆ ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್‌ಗಳ ಬೀದಿಗಳಲ್ಲಿ ಯೌವನವೇ ಹರಿದಾಡುತ್ತದೆ. ಕೆಎಎಸ್, ಪಿಎಸ್‌ಐ ಕೋಚಿಂಗ್‌ಗೆಂದು ಕಲಬುರಗಿ, ವಿಜಯಪುರ, ರಾಯಚೂರುಗಳಿಂದ ಬಂದ ಪದವೀಧರರು. ಅವರ ನಡುವೆಯೇ ಕೆಂಗೇರಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಜ್ಞಾನಭಾರತಿಯ ಸ್ನಾತಕೋತ್ತರ ಪ್ರತಿಭೆಗಳು. ಪಿಜಿಯ ಇಕ್ಕಟ್ಟಿನ ಕೋಣೆ, ಮಳೆ ಕೈಕೊಟ್ಟಿತೆಂಬ ಅಪ್ಪನ ಫೋನು, ಉಳಿದುಹೋದ ಬ್ಯಾಕ್ ಪೇಪರ್, ಮತ್ತೆ ಮುಂದೂಡಿದ ಪರೀಕ್ಷೆ. ಇಷ್ಟಾದರೂ ಮರುದಿನ ಬೆಳಗ್ಗೆ ಪುಸ್ತಕ ಹಿಡಿದು ಕೂರುವ ಈ ಚೈತನ್ಯದ ಸೆಲೆ ಎಲ್ಲಿದೆ?

ಮನೋವಿಜ್ಞಾನ ಅದಕ್ಕೆ ‘ಮಾನಸಿಕ ಬಂಡವಾಳ’ ಎಂಬ ಹೆಸರಿಟ್ಟಿದೆ. ಅಮೆರಿಕದ ಫ್ರೆಡ್ ಲುಥಾನ್ಸ್ ಮತ್ತು ಸಂಗಡಿಗರು ಉದ್ಯೋಗಿಗಳನ್ನು ಕುರಿತು ರೂಪಿಸಿದ ಈ ಪರಿಕಲ್ಪನೆ ಮುಂದೆ ವಿದ್ಯಾರ್ಥಿಗಳ ಅಧ್ಯಯನಕ್ಕೂ ವಿಸ್ತರಿಸಿತು. ಭರವಸೆ, ಸ್ವಸಾಮರ್ಥ್ಯದಲ್ಲಿ ನಂಬಿಕೆ, ಪುಟಿದೇಳುವ ಶಕ್ತಿ, ಆಶಾವಾದಗಳು ಇದರ ಅಂಗಗಳು. ಭರವಸೆಯ ವಿಶ್ಲೇಷಣೆಯಂತೂ ವಿಸ್ಮಯಕರ. ಮನೋವಿಜ್ಞಾನಿ ಸಿ. ಆರ್. ಸ್ನೈಡರ್ ಪ್ರಕಾರ ಅದರಲ್ಲಿ ಗುರಿ ಮುಟ್ಟುವ ಛಲವೂ ಇರಬೇಕು, ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹುಡುಕುವ ಬುದ್ಧಿಯೂ ಇರಬೇಕು. ಕೆಎಎಸ್ ಕೈತಪ್ಪಿದಾಗ ಪಿಡಿಒ ಹುದ್ದೆಗೆ ಅರ್ಜಿ ಹಾಕಿ ಓದು ಮುಂದುವರಿಸುವವನಲ್ಲಿ ಇವೆರಡೂ ಇವೆ. ‘ಧೈರ್ಯ ತಂದುಕೋ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವ ನಾವು ಹಿರಿಯರು ದಾರಿಯ ಮಾತನ್ನೇ ಮರೆಯುತ್ತೇವೆ.

ಈ ಶಕ್ತಿ ಹುಟ್ಟಿನಿಂದಲೇ ಬರುವುದೇ? ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಶಿಶುಗಳ ಬದುಕನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕೌಟುಂಬಿಕ ಕಲಹಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರನೆಯ ಒಂದು ಭಾಗ ಸಮರ್ಥರಾಗಿ, ಸಹೃದಯರಾಗಿ ರೂಪುಗೊಂಡರು. ಹುಟ್ಟುಗುಣದ ಪಾತ್ರವಿತ್ತು, ನಿಜ. ಆದರೆ ಅಕ್ಕರೆಯಿಂದ ಜೊತೆಗಿದ್ದ ಒಬ್ಬ ಹಿರಿಯರ ಆಸರೆಯೂ ಅಷ್ಟೇ ಗಾಢವಾಗಿ ಕೆಲಸ ಮಾಡಿತ್ತು.

ಮನಸ್ಸಿನ ಅರಿವನ್ನು ಜನರಿಗೆ ತಲುಪಿಸುವಲ್ಲಿ ಕನ್ನಡಕ್ಕೂ ಉಜ್ವಲ ಪರಂಪರೆಯಿದೆ. ‘ಕೊರವಂಜಿ’ ಹಾಸ್ಯಪತ್ರಿಕೆಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು, ಮನೋರೋಗಗಳ ಅರಿವನ್ನು ತಿಳಿಗನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರಿಗೆ 2024ರಲ್ಲಿ ಪದ್ಮಶ್ರೀ ದೊರೆಯಿತು.

ಇಂದು ಆಸರೆಯ ದನಿ ಫೋನಿನಲ್ಲೂ ಲಭ್ಯ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ನಿಮ್ಹಾನ್ಸ್ ಕೇಂದ್ರಸ್ಥಾನ. 14416ಕ್ಕೆ ಹಗಲಿರುಳೆನ್ನದೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಪಶ್ಚಿಮ ಬೆಂಗಳೂರಿನ ಪ್ರತಿ ಪಿಜಿಯ ಗೋಡೆಯ ಮೇಲೆ ಊಟದ ವೇಳಾಪಟ್ಟಿಯ ಪಕ್ಕದಲ್ಲೇ ಈ ಸಂಖ್ಯೆಗೂ ಜಾಗ ಸಿಗಬೇಕು.